ರಾಜ ನೆಗೆದ ಭಾನುವಾರ

ನಲವತ್ತಾರನೆಯ ವಯಸ್ಸಿಗೆ ನನಗೆ ಚೆಸ್ಸಿನ ಹುಚ್ಚು ಹಿಡಿಯಿತು. ನನ್ನ ಓರಗೆಯವರಿಗೆ ಮಂಡಿನೋವು ಹಿಡಿದಿತ್ತು, ಸೀರಿಯಲ್ಲು ಹಿಡಿದಿತ್ತು, ಎದುರು ಮನೆಯವಳಿಗೆ ಟೆರೇಸಿನ ಮೇಲೆ ಕುಂಡದಲ್ಲಿ ಬದನೆಕಾಯಿ ಬೆಳೆಯುವ ಚಟ ಹಿಡಿದಿತ್ತು. ಅವರನ್ನು ಯಾರೂ ಏನೂ ಅನ್ನಲಿಲ್ಲ. ನನ್ನನ್ನು ಮಾತ್ರ ಇಡೀ ಕುರುಬರಹಳ್ಳಿ ತಿರುಗಿ ತಿರುಗಿ ನೋಡಿತು. ನೋಡಲಿಲ್ಲವೇನೋ, ನನಗೆ ಹಾಗನ್ನಿಸಿತು. ಹುಚ್ಚು ಹಿಡಿದವರಿಗೆ ಊರೆಲ್ಲ ತಮ್ಮನ್ನೇ ನೋಡುತ್ತಿದೆ ಅನ್ನಿಸುವುದು ಸಹಜ.

ಹಿಡಿಸಿದವರು ನಮ್ಮ ಕಟಿಂಗ್ ಮಾಸ್ಟರು. ನಾನು ಕೆಲಸ ಮಾಡುವುದು ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿನಲ್ಲಿ. ಹೊಲಿದು ಬಂದ ಶರ್ಟುಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ನೇತಾಡುವ ದಾರ, ಸೊಟ್ಟ ಕಾಲರು, ಒಂದು ತೂತು ಕಡಿಮೆ ಇರುವ ಗುಂಡಿ. ಇಪ್ಪತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕಿ ಹುಡುಕಿ ನನ್ನ ಸ್ವಭಾವವೂ ಹಾಗೇ ಆಗಿದೆ ಎಂದು ನನ್ನ ಗಂಡ ಹೇಳುತ್ತಾರೆ. ಅವರು ಎಲೆಕ್ಟ್ರಿಷಿಯನ್. ಏಣಿಯ ಮೇಲಿದ್ದಾಗ ಮಾತ್ರ ಇಂಥ ಮಾತು ಹೇಳುವಷ್ಟು ಜಾಣರು.

ಒಂದು ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕರೆಂಟು ಹೋಯಿತು. ಮಾಸ್ಟರು ಸುಮ್ಮನೆ ಕೂರಲಾರದೆ ಒಂದು ತುಂಡು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಅರವತ್ನಾಲ್ಕು ಮನೆ ಎಳೆದರು. ರಿಜೆಕ್ಟ್ ಆದ ಗುಂಡಿಗಳ ಡಬ್ಬ ತರಿಸಿದರು. ಕೋಟಿನ ದೊಡ್ಡ ಗುಂಡಿ ರಾಜ, ಬಂಗಾರದ ಬಣ್ಣದ ಬ್ಲೇಜರ್ ಗುಂಡಿ ಮಂತ್ರಿ, ಜೀನ್ಸಿನ ಲೋಹದ ಗುಂಡಿ ಆನೆ, ಮರದ ಗುಂಡಿ ಕುದುರೆ, ಎರಡು ತೂತಿನದು ಒಂಟೆ, ಶರ್ಟಿನ ಪುಟಾಣಿ ಗುಂಡಿಗಳೆಲ್ಲ ಕಾಲಾಳು. ಕೆಲಸಕ್ಕೆ ಬಾರದವು ಎಂದು ನಾನೇ ಕಿತ್ತು ಬಿಸಾಡಿದ್ದ ಗುಂಡಿಗಳು ಬಟ್ಟೆಯ ಮೇಲೆ ಸೈನ್ಯ ಕಟ್ಟಿಕೊಂಡು ನಿಂತವು. ನನಗೂ ಪಕ್ಕದ ಮೆಷಿನ್ನಿನ ಗೆಳತಿಗೂ ಮಾಸ್ಟರು ಅರ್ಧ ಗಂಟೆಯಲ್ಲಿ ಆಟ ಹೇಳಿಕೊಟ್ಟರು. ಅವರು ತಮ್ಮ ಊರಿನ ಜಗಲಿಯ ಮೇಲೆ ಕಲಿತದ್ದಂತೆ. ಕರೆಂಟು ಬಂದಾಗ ನಮ್ಮಿಬ್ಬರಿಗೂ ನಿಜವಾಗಿ ಬೇಜಾರಾಯಿತು.

ಅಲ್ಲಿಂದ ಶುರುವಾಯಿತು ನೋಡಿ. ಮಧ್ಯಾಹ್ನದ ಅರ್ಧ ಗಂಟೆಯಲ್ಲಿ ಆಟ ಮುಗಿಯುತ್ತಿರಲಿಲ್ಲ. ಎಲ್ಲಿಗೆ ನಿಂತಿತೋ ಅಲ್ಲಿಗೆ ಗೆಳತಿ ಪ್ರತಿ ಗುಂಡಿಗೂ ಒಂದೇ ಒಂದು ಹೊಲಿಗೆ ಹಾಕಿ ಬಟ್ಟೆಗೆ ಕೂರಿಸುತ್ತಿದ್ದಳು. ಗುಂಡಿ ಹಚ್ಚುವುದೇ ಅವಳ ಕೆಲಸವಾದ್ದರಿಂದ ಎರಡು ನಿಮಿಷ ಹಿಡಿಯುತ್ತಿರಲಿಲ್ಲ. ಬಟ್ಟೆ ಮಡಚಿ ಬ್ಯಾಗಿಗೆ ಹಾಕಿಕೊಂಡು ಸಂಜೆ ಐದೂವರೆಗೆ ಬಸ್ಸು ಹತ್ತಿ, ಕುರುಬರಹಳ್ಳಿಯಲ್ಲಿ ಇಳಿದು, ಪಾರ್ಕಿನ ಬೆಂಚಿನ ಮೇಲೆ ಹಾಸಿ, ಹೊಲಿಗೆ ಕತ್ತರಿಸಿ ಆಟ ಮುಂದುವರಿಸುತ್ತಿದ್ದೆವು. ಮಡಚಿಟ್ಟುಕೊಂಡು ಬಸ್ಸಿನಲ್ಲಿ ಒಯ್ಯುವ ಚೆಸ್ ಆಟ ಪ್ರಪಂಚದಲ್ಲಿ ನಮ್ಮದೊಂದೇ ಎಂದು ನಾನು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಆ ಬೆಂಚಿನ ಮೇಲೆ ನನಗಾಗುತ್ತಿದ್ದ ಖುಷಿಯನ್ನು ಹೇಗೆ ಹೇಳಲಿ. ದಿನವಿಡೀ ಬೇರೆಯವರ ತಪ್ಪು ನೋಡಿದವಳಿಗೆ ಒಂದು ಗಂಟೆ ನನ್ನದೇ ತಪ್ಪು ಮಾಡುವ ಅವಕಾಶ. ಗೆಳತಿಯ ಮಂತ್ರಿಯನ್ನು ಹೊಡೆದಾಗ ನಾನು ಬೆಂಚಿನಿಂದ ಎದ್ದು ಒಂದು ಸುತ್ತು ಓಡಿಬರುತ್ತಿದ್ದೆ. ವಾಕಿಂಗ್ ಬಂದ ತಾತಂದಿರು ಹೆದರಿ ಪಕ್ಕಕ್ಕೆ ಸರಿಯುತ್ತಿದ್ದರು. ಅವಳು ಗೆದ್ದರೆ ಗುಂಡಿಗಳನ್ನೆಲ್ಲ ಕೈಯಲ್ಲಿ ಹಿಡಿದು ಗಲಗಲ ಅಲ್ಲಾಡಿಸುತ್ತಿದ್ದಳು. ಇಬ್ಬರು ಮಕ್ಕಳ ತಾಯಂದಿರು ನಾವು. ಇಬ್ಬರ ಮಕ್ಕಳೂ ಕಾಲೇಜು ದಾಟಿದ್ದರು.

ಆದರೆ ಆ ಒಂದು ಗಂಟೆಯ ಮೇಲೆ ನಮ್ಮ ಅತ್ತೆಯ ಕಣ್ಣು ಬಿತ್ತು. ಮೊದಲೆಲ್ಲ ಆರಕ್ಕೆ ಮನೆ ಸೇರುತ್ತಿದ್ದ ಸೊಸೆ ಈಗ ಏಳಕ್ಕೆ ಬರುತ್ತಾಳೆ. ಬಂದವಳ ಬ್ಯಾಗಿನಲ್ಲಿ ಸೊಪ್ಪಿಲ್ಲ, ತರಕಾರಿಯಿಲ್ಲ, ಗುಂಡಿಗಳಿವೆ. ಅತ್ತೆಗೆ ಎಪ್ಪತ್ತಮೂರು. ಇದೇ ಊರಿನ ಹಳೆಯ ಒಕ್ಕಲು ಮನೆತನದ ಮಗಳು, ಇದೇ ಊರಿನ ಸೊಸೆ. ಕುರುಬರಹಳ್ಳಿಯಲ್ಲಿ ಹೊಲಗಳಿದ್ದಾಗ ರಾಗಿ ಕಳೆ ಕಿತ್ತವರು. ಸುಮ್ಮನೆ ಕೂತವರನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ. ಸೀರಿಯಲ್ ನೋಡುವಾಗಲೂ ಕೈಯಲ್ಲಿ ಬತ್ತಿ ಹೊಸೆಯುತ್ತಿರುತ್ತಾರೆ.

"ಅದ್ರಿಂದ ಏನ್ ಬರುತ್ತೆ?" ಎಂದು ಒಂದು ಸಂಜೆ ಕೇಳಿಯೇಬಿಟ್ಟರು.

"ಏನೂ ಬರಲ್ಲ ಅತ್ತೆ. ಖುಷಿಯಾಗುತ್ತೆ."

"ಖುಷಿಯಾದ್ರೆ ಹೊಟ್ಟೆ ತುಂಬುತ್ತಾ? ಒಂದ್ ಗಂಟೇಲಿ ಹುಳಿ ಕುದಿಯುತ್ತೆ, ಬಟ್ಟೆ ಮಡಚಿ ಆಗುತ್ತೆ, ನಾಳೆಗೆ ಸೊಪ್ಪು ಬಿಡಿಸಿ ಆಗುತ್ತೆ. ದಿನಾ ಒಂದ್ ಗಂಟೆ ಅಂದ್ರೆ ವರ್ಷಕ್ಕೆ ಎಷ್ಟಾಯ್ತು ನೋಡ್ಕೊ."

ನನಗೂ ಸಿಟ್ಟು ಬಂತು. ಮಾಗಡಿ ರೋಡಿನ ಸಿಗ್ನಲ್ಲಿನಲ್ಲಿ ನಾನು ದಿನಾ ಕಳೆಯುವ ಹೊತ್ತನ್ನು ಯಾರೂ ಕೇಳುವುದಿಲ್ಲ. ಗಂಡ ಮೊಬೈಲಿನಲ್ಲಿ ಯಾರೋ ಕಾಂಕ್ರೀಟ್ ಹಾಕುವುದನ್ನು ನೋಡುತ್ತಾ ಕೂರುವುದನ್ನೂ ಕೇಳುವುದಿಲ್ಲ. ಹೆಂಗಸು ಕೂತು ಒಂದು ಗುಂಡಿ ಸರಿಸಿದರೆ ಮಾತ್ರ ಗಡಿಯಾರ ಎಲ್ಲರ ಕಣ್ಣಿಗೂ ಕಾಣುತ್ತದೆ. ಇದನ್ನೆಲ್ಲ ಸಾಕಷ್ಟು ಗಟ್ಟಿಯಾಗಿಯೇ ಹೇಳಿದೆ. ಗಂಡ ಇಂಥ ಹೊತ್ತಿನಲ್ಲಿ ಮಾಡುವಂತೆ ಫ್ಯೂಸ್ ನೋಡಿಬರುತ್ತೇನೆಂದು ಕೆಳಗೆ ಇಳಿದುಹೋದರು.

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಅಷ್ಟು ಚೆನ್ನಾಗಿ ಆಡ್ತೀಯಾ?"

"ಆಡ್ತೀನಿ," ಎಂದೆ. ಸಿಟ್ಟಿನಲ್ಲಿ ಬಂದ ಮಾತು.

"ಹಾಗಾದ್ರೆ ಎಲ್ಲಾದ್ರೂ ಹೋಗಿ ಗೊತ್ತಿಲ್ಲದೋರ ಮುಂದೆ ಕೂತು ಒಂದೇ ಒಂದು ಆಟ ಗೆದ್ದು ಬಾ. ಗೆದ್ರೆ ಆ ಗಂಟೆ ನಿಂದು, ನಾನು ತುಟಿ ಬಿಚ್ಚಲ್ಲ. ಸೋತ್ರೆ ಆ ಗಂಟೆ ನಂದು. ನಾನು ಹೇಳಿದ ಕೆಲಸಕ್ಕೆ ಕೂರ್ಬೇಕು."

ಹೂಂ ಎಂದುಬಿಟ್ಟೆ. ಮರುದಿನ ಮಾಸ್ಟರಿಗೆ ಹೇಳಿದಾಗ ಅವರು ಇಂಚುಪಟ್ಟಿ ಕೊರಳಿಗೆ ಹಾಕಿಕೊಂಡು ಯೋಚಿಸಿದರು. ನನ್ನ ಆಟದಲ್ಲಿ ಅವರಿಗೆ ನಂಬಿಕೆಯಿತ್ತು. ಅದರಲ್ಲೂ ರಾಜನ ನೆಗೆತದಲ್ಲಿ. ಅವರು ಕಲಿಸಿದ ಆಟದಲ್ಲಿ ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ನೆಗೆಯಬಹುದು. ನಾನು ಆ ಒಂದು ನೆಗೆತವನ್ನು ಕೊನೆಯವರೆಗೆ ಬಚ್ಚಿಟ್ಟುಕೊಂಡು, ಎದುರಾಳಿ ಇನ್ನೇನು ಗೆದ್ದೆ ಎಂದುಕೊಂಡಾಗ ಟಣ್ಣನೆ ನೆಗೆಸುತ್ತಿದ್ದೆ. ಗೆಳತಿ ಇದಕ್ಕೆ ನೂರು ಸಲ ಸೋತಿದ್ದಾಳೆ. "ನಿಮ್ಮ ನೆಗೆತಕ್ಕೆ ಎದುರಿಲ್ಲಮ್ಮ, ಹೋಗಿ ಬನ್ನಿ," ಎಂದು ಮಾಸ್ಟರು ಹರಸಿದರು.

ವಿಜಯನಗರದ ಒಂದು ಮದುವೆ ಛತ್ರದಲ್ಲಿ ಭಾನುವಾರ ಚೆಸ್ ಪಂದ್ಯಾವಳಿ ಇರುವ ಬ್ಯಾನರನ್ನು ಗೆಳತಿಯೇ ನೋಡಿಕೊಂಡು ಬಂದಳು. ಯಾರು ಬೇಕಾದರೂ ಆಡಬಹುದು, ಐದು ಸುತ್ತು. ನಾನು ಹೆಸರು ಕೊಟ್ಟೆ. ಹಬ್ಬಕ್ಕೆ ಮಾತ್ರ ಉಡುವ ಹಸಿರು ಸೀರೆ ಉಟ್ಟೆ. ಗೆಳತಿ ನೋಡಲು ಜೊತೆಗೆ ಬಂದಳು. ಆಟೋದಲ್ಲಿ ಇಬ್ಬರೂ ಕಾರಣವಿಲ್ಲದೆ ನಕ್ಕೆವು. ಚಂದ್ರಾ ಲೇಔಟಿನ ಕಡೆ ಹೊರಟಿದ್ದ ಯಾರದೋ ದಿಬ್ಬಣದ ಬಸ್ಸು ಪಕ್ಕದಲ್ಲಿ ಬಂದಾಗ ಕೈ ಬೀಸಿದೆವು. ಅವರೂ ಬೀಸಿದರು.

ಛತ್ರದಲ್ಲಿ ಊಟದ ಟೇಬಲ್ಲುಗಳನ್ನು ಉದ್ದಕ್ಕೆ ಜೋಡಿಸಿ ಬೋರ್ಡುಗಳನ್ನಿಟ್ಟಿದ್ದರು. ನಿಜವಾದ ಚೆಸ್ ಕಾಯಿಗಳನ್ನು ನಾನು ಕೈಯಲ್ಲಿ ಮುಟ್ಟಿದ್ದು ಅದೇ ಮೊದಲು. ಕುದುರೆಗೆ ನಿಜವಾಗಲೂ ಕುದುರೆಯ ಮುಖವಿತ್ತು! ನಾನದನ್ನು ಎತ್ತಿ ಗೆಳತಿಗೆ ತೋರಿಸಿದೆ. ಒಂಟೆ ಮಾತ್ರ ಒಂಟೆಯ ಹಾಗಿರಲಿಲ್ಲ, ಅದಕ್ಕೆ ಸ್ವಲ್ಪ ಹೊತ್ತು ಗಲಿಬಿಲಿಯಾಯಿತು. ಪಕ್ಕದಲ್ಲಿ ಒಂದು ಗಡಿಯಾರ ಬೇರೆ ಇತ್ತು. ಆಡಿದ ಮೇಲೆ ಅದರ ತಲೆಗೆ ಹೊಡೆಯಬೇಕಂತೆ.

ಮೊದಲ ಸುತ್ತಿನಲ್ಲಿ ಎದುರಿಗೆ ಕೂತದ್ದು ಎರಡು ಜಡೆಯ ಒಂದು ಪುಟ್ಟ ಹುಡುಗಿ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅವಳು ಕಾಲಾಳನ್ನು ಒಂದೇ ಸಲಕ್ಕೆ ಎರಡು ಮನೆ ಮುಂದಕ್ಕೆ ತಳ್ಳಿದಳು. "ಪುಟ್ಟಾ, ಒಂದ್ ಮನೆ ಕಣಮ್ಮ," ಎಂದು ಪ್ರೀತಿಯಿಂದಲೇ ಹಿಂದಕ್ಕಿಟ್ಟೆ. ಅವಳು ಪ್ರೀತಿಯಿಂದಲೇ ಮತ್ತೆ ಮುಂದಕ್ಕಿಟ್ಟಳು. "ಫಸ್ಟ್ ಮೂವ್ ಎರಡು ಇಡಬಹುದು ಆಂಟಿ." ಇನ್ನೆರಡು ನಿಮಿಷದಲ್ಲಿ ನನ್ನ ರಾಜ ಎದ್ದೇಳಲಾರದ ಹಾಗೆ ಸಿಕ್ಕಿಬಿದ್ದಿದ್ದ. ಅವಳು ಕೈ ಕುಲುಕಿ ಐಸ್‌ಕ್ರೀಮಿಗೆ ಓಡಿದಳು.

ಎರಡನೆಯ ಸುತ್ತಿನಲ್ಲಿ ಆಟ ನನ್ನ ಕಡೆಗೇ ಇತ್ತು, ಆದರೆ ಗಡಿಯಾರದ ತಲೆಗೆ ಹೊಡೆಯುವುದನ್ನು ಮರೆತು ಮರೆತು ಸಮಯ ಮುಗಿದು ಸೋತೆ. ಸಮಯ ಹಾಳು ಮಾಡಿದ್ದಕ್ಕೆ ಅಧಿಕೃತವಾಗಿ ಸೋತ ಮೊದಲ ಸೊಸೆ ನಾನೇ ಇರಬೇಕು. ಗೆಳತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಊಟಕ್ಕೆ ಛತ್ರದ ಕೆಳಗಿನ ದರ್ಶಿನಿಯಲ್ಲಿ ಬಿಸಿಬೇಳೆಬಾತ್ ತಿಂದೆವು. ಎರಡು ಸೋತರೂ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಇನ್ನೂ ಮೂರು ಸುತ್ತು ಇದೆ, ಒಂದು ಸಾಕು.

ಮೂರನೆಯ ಸುತ್ತಿಗೆ ಬಂದವರು ಇಸ್ತ್ರಿ ಶರ್ಟಿನ ಒಬ್ಬ ಗೃಹಸ್ಥರು. ಅವರ ಶರ್ಟಿನ ಮೂರನೆಯ ಗುಂಡಿಯ ದಾರ ಅರ್ಧ ಇಂಚು ನೇತಾಡುತ್ತಿತ್ತು. ಕತ್ತರಿಸಲು ಕೈ ತುರಿಸುತ್ತಿತ್ತು, ಹಲ್ಲು ಕಚ್ಚಿ ಬೋರ್ಡು ನೋಡಿದೆ. ಚೆನ್ನಾಗಿ ಆಡಿದೆ, ಸುಳ್ಳಲ್ಲ. ಕೊನೆಗೆ ಅವರ ಎರಡು ಆನೆಗಳು ನನ್ನ ರಾಜನ ಮೇಲೆ ಬರಲು ಸಾಲಾಗಿ ನಿಂತವು. ಅವರು ಕುರ್ಚಿಗೆ ಒರಗಿ ಕೈ ಕಟ್ಟಿದರು. ನನಗೆ ಬೇಕಾದದ್ದೂ ಅದೇ. ನನ್ನ ರಾಜ ಆ ದಾರಿಯಿಂದ ನೆಗೆದುಬಿಟ್ಟರೆ ಅವನ ಹಿಂದೆ ಅಡಗಿದ್ದ ನನ್ನ ಆನೆಗೆ ದಾರಿ ತೆರೆದು ಅವರ ರಾಜ ಸತ್ತ. ಎದ್ದು ನಿಂತೆ. ರಾಜನನ್ನು ಎತ್ತಿ, ಎರಡು ಮನೆ ಮುಂದೆ ಒಂದು ಮನೆ ಪಕ್ಕಕ್ಕೆ ಟಣ್ಣನೆ ಇಟ್ಟೆ. ಗಡಿಯಾರದ ತಲೆಗೂ ಹೊಡೆದೆ.

"ಆಯ್ತು!" ಎಂದೆ, ಇಡೀ ಛತ್ರಕ್ಕೆ ಕೇಳುವ ಹಾಗೆ.

ಗೃಹಸ್ಥರು ಬೋರ್ಡು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ಕೈಯೆತ್ತಿದರು. ತೀರ್ಪುಗಾರರು ಬಂದರು. "ಮೇಡಂ, ಕಿಂಗ್ ಹಾಗೆ ಜಂಪ್ ಮಾಡಲ್ಲ."

"ಮಾಡ್ತಾನೆ ಸಾರ್. ಒಂದ್ಸಲ ಮಾಡ್ತಾನೆ."

"ಯಾರು ಹೇಳಿದ್ದು ಮೇಡಂ?"

"ನಮ್ಮ ಕಟಿಂಗ್ ಮಾಸ್ಟ್ರು."

ತೀರ್ಪುಗಾರರು ಒಳ್ಳೆಯವರು, ನಗಲಿಲ್ಲ. ಅದು ಹಳ್ಳಿಗಳಲ್ಲಿ ಆಡುತ್ತಿದ್ದ ಹಳೆಯ ಕ್ರಮ, ಪಂದ್ಯಗಳಲ್ಲಿ ಈಗ ಎಲ್ಲೂ ಇಲ್ಲ ಎಂದು ತಿಳಿಸಿ ಹೇಳಿದರು. ನಾನು ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳು ಎನ್ನುತ್ತಾರಲ್ಲ, ಆದರೆ ನಾನು ಕುಣಿದಿದ್ದೆ ಸ್ವಾಮಿ, ನೆಲವನ್ನೇ ಬದಲಾಯಿಸಿದ್ದರು! ಏನು ಹೇಳಿದರೂ ರಾಜನನ್ನು ವಾಪಸ್ ಇಡಬೇಕಾಯಿತು. ಮುಟ್ಟಿದ ಕಾಯಿಯನ್ನೇ ಆಡಬೇಕು ಎಂಬ ಇನ್ನೊಂದು ನಿಯಮ ಬಂತು. ರಾಜನಿಗೆ ಇದ್ದದ್ದು ಒಂದೇ ಮನೆ. ಅಲ್ಲಿಗೆ ಹೋದ, ಅಲ್ಲೇ ಸತ್ತ. ನಾನು ಬ್ಯಾಗಿನಿಂದ ಕತ್ತರಿ ತೆಗೆದು ಗೃಹಸ್ಥರ ಅನುಮತಿ ಕೇಳಿ ಆ ದಾರವನ್ನಾದರೂ ಕತ್ತರಿಸಿದೆ.

ನಾಲ್ಕನೆಯ ಸುತ್ತನ್ನು ನೆನೆಯುವಂಥದ್ದೇನಿಲ್ಲ, ಸೋತೆ. ಐದನೆಯ ಸುತ್ತಿಗೆ ಗೋಡೆಯ ಮೇಲೆ ಹಾಳೆ ಅಂಟಿಸಿದಾಗ ನನ್ನ ಹೆಸರಿನ ಎದುರು ಯಾರ ಹೆಸರೂ ಇರಲಿಲ್ಲ. ಒಬ್ಬರು ಮಧ್ಯದಲ್ಲೇ ಎದ್ದುಹೋಗಿದ್ದರಿಂದ ಆಟಗಾರರ ಸಂಖ್ಯೆ ಬೆಸವಾಗಿತ್ತು. ಎಲ್ಲರಿಗಿಂತ ಕೆಳಗಿದ್ದ ನನಗೆ ಆಡದೆಯೇ ಒಂದು ಅಂಕ ಕೊಟ್ಟಿದ್ದರು.

"ಹಾಗಂದ್ರೆ ನಾನು ಗೆದ್ದೆನಾ ಸಾರ್?"

"ಪಾಯಿಂಟ್ ಬರುತ್ತೆ ಮೇಡಂ."

"ಯಾರನ್ನ ಸೋಲಿಸಿದೆ?"

"ಯಾರನ್ನೂ ಇಲ್ಲ ಮೇಡಂ. ಇದಕ್ಕೆ ಬೈ ಅಂತಾರೆ."

ಗೆಳತಿ ಆಗಲೇ ಮೊಬೈಲು ತೆಗೆದು ಆ ಹಾಳೆಯ ಫೋಟೋ ಹಿಡಿದಿದ್ದಳು. "ನಿನ್ ಹೆಸರ ಮುಂದೆ ಒಂದು ಅಂತ ಇದ್ಯೋ ಇಲ್ವೋ? ಗೆದ್ದೆ ಅಂತ ಹೇಳ್ಬಿಡು ಕಣೇ. ನಾವೇನು ದೇವಸ್ಥಾನದ ಹುಂಡಿ ಒಡೀತಿದೀವಾ?" ಬಸ್ಸಿನಲ್ಲಿ ಇದೇ ವಿಷಯ. ನನಗೆ ಕಣ್ಣ ಮುಂದೆ ಪಾರ್ಕಿನ ಬೆಂಚು ಬಂತು, ಅದರ ಮೇಲೆ ಹಾಸಿದ ಬಟ್ಟೆ ಬಂತು. ಸೋತೆ ಎಂದರೆ ನಾಳೆ ಸಂಜೆಯಿಂದ ಸೊಪ್ಪು ಬಿಡಿಸಬೇಕು. ಇಳಿಯುವ ಹೊತ್ತಿಗೆ ನಾನು ಗೆದ್ದಾಗಿತ್ತು.

ಮನೆಗೆ ಹೋದಾಗ ಅತ್ತೆ ನಡುಮನೆಯ ಚಾಪೆಯ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. "ಏನಾಯ್ತು?" ಎಂದರು, ತಲೆ ಎತ್ತದೆ.

"ಒಂದು ಗೆದ್ದೆ ಅತ್ತೆ!" ಎಂದು ಫೋಟೋ ಮುಂದೆ ಹಿಡಿದೆ.

ಅತ್ತೆ ಫೋಟೋ ನೋಡಲಿಲ್ಲ. "ಹೇಗೆ ಗೆದ್ದೆ, ಹೇಳು."

ಇಷ್ಟು ದಿನ ಬೇಡದ ವಿವರ ಈಗ್ಯಾಕೆ ಬೇಕೋ. ಆದರೆ ಕೇಳಿದರಲ್ಲ ಎಂಬ ಉಮೇದಿಗೆ ಶುರುಮಾಡಿದೆ. ಇಸ್ತ್ರಿ ಶರ್ಟಿನವರ ಆಟವನ್ನೇ ಹೇಳಿದೆ, ಆದರೆ ಆಗಬೇಕಿದ್ದ ಹಾಗೆ ಹೇಳಿದೆ. ಸ್ವಲ್ಪ ಉಪ್ಪು ಖಾರವೂ ಇರಲಿ ಎಂದು, "ಅವರು ಆನೇನ ನನ್ನ ರಾಜನ ಮೇಲೆ ಬಿಟ್ಟು ಶಹ ಅಂದ್ರು. ರಾಜನ್ನ ಸರಿಸಿ ತಪ್ಪಿಸ್ಕೊಂಡೆ. ಮತ್ತೆ ಶಹ ಅಂದ್ರು. ಇನ್ನೇನು ಮುಗೀತು ಅನ್ನೋವಾಗ ನಾನು ನನ್ನ ರಾಜನ್ನ ಎತ್ತಿ ಕುದುರೆ ಥರ ಟಣ್ ಅಂತ..."

"ಶಹ ಬಿದ್ಮೇಲೆ ರಾಜ ನೆಗೆಯೋ ಹಾಗಿಲ್ವಲ್ಲ," ಎಂದರು ಅತ್ತೆ.

ನಾನು ಎತ್ತಿದ ಕೈ ಹಾಗೇ ಇತ್ತು.

"ಒಂದ್ಸಲ ಶಹ ಬಿದ್ರೆ ನೆಗೆತ ಹೋಯ್ತು. ಅದಕ್ಕೆ ಮುಂಚೆ ನೆಗೀಬೇಕು. ಯಾರು ಕಲಿಸಿದ್ರೋ ನಿಂಗೆ ಅರ್ಧಂಬರ್ಧ." ಮೆಂತ್ಯದ ಕಡ್ಡಿಯನ್ನು ಪಕ್ಕಕ್ಕೆ ಎಸೆದರು. "ಸುಳ್ಳು ಹೇಳ್ತಿದೀಯ ತಾನೆ?"

ಮಾಸ್ಟರು ಅದನ್ನೂ ಕಲಿಸಿದ್ದರು. ಕಥೆ ಕಟ್ಟುವ ಭರದಲ್ಲಿ ನಾನೇ ಮರೆತಿದ್ದೆ. ಇಪ್ಪತ್ತು ವರ್ಷ ತಪ್ಪು ಹುಡುಕಿದವಳು ನನ್ನದೇ ಸುಳ್ಳಿನ ಹೊಲಿಗೆಯನ್ನು ನೋಡಿಕೊಂಡಿರಲಿಲ್ಲ. ಎಲ್ಲವನ್ನೂ ಹೇಳಿದೆ. ಎರಡು ಜಡೆಯ ಹುಡುಗಿ, ಗಡಿಯಾರ, ತೀರ್ಪುಗಾರರು, ಯಾರನ್ನೂ ಸೋಲಿಸದೆ ಬಂದ ಅಂಕ. ರಾಜ ನೆಗೆಯುವುದಿಲ್ಲವಂತೆ ಎಂದಾಗ ಮಾತ್ರ ಅತ್ತೆ ಕೆಂಡವಾದರು. "ಯಾಕೆ ನೆಗೆಯಲ್ಲ? ಅವ್ರಪ್ಪನ ಮನೆ ಆಟಾನಾ? ನಮ್ಮಪ್ಪನ ರಾಜ ನೆಗೀತಿದ್ದ!"

ಆಮೇಲೆ ನಾನು ಕೇಳದೆಯೇ ಹೇಳಿದರು. ಮಳೆ ಬಂದು ಹೊಲಕ್ಕಿಳಿಯಲಾಗದ ದಿನ ಅವರಪ್ಪ ಬಾವಿಕಟ್ಟೆಯ ಪಕ್ಕದ ಸೂರಿನ ಕೆಳಗೆ ಕಲ್ಲು ಚಪ್ಪಡಿಯ ಮೇಲೆ ಇದ್ದಿಲಿನಿಂದ ಮನೆ ಎಳೆಯುತ್ತಿದ್ದರಂತೆ. ಅವರೆಕಾಳು ಒಂದು ಕಡೆಯ ಸೈನ್ಯ, ಹುಣಸೆಬೀಜ ಇನ್ನೊಂದು ಕಡೆಯದು. ಅಪ್ಪ ಮಗಳು ಇಬ್ಬರೇ. ಹದಿನಾರು ತುಂಬುವ ಹೊತ್ತಿಗೆ ಮಗಳು ಅಪ್ಪನನ್ನು ಸೋಲಿಸುತ್ತಿದ್ದಳು. ಹದಿನೇಳಕ್ಕೆ ಮದುವೆಯಾಗಿ ನಾಲ್ಕು ಬೀದಿ ಈಚೆಗೆ ಬಂದಳು. ಒಂದು ಮಧ್ಯಾಹ್ನ ಒಬ್ಬಳೇ ಕಾಳು ಹರಡಿಕೊಂಡು ಕೂತಿದ್ದಾಗ ಅವಳ ಅತ್ತೆ ನೋಡಿದರು.

"ಈ ಮನೇಲಿ ಕಾಳನ್ನ ಬೇಯಿಸ್ತಾರೆ, ಆಡಲ್ಲ ಅಂದ್ರು. ಸರಿ ಅಂದೆ. ಕಾಳು ಎತ್ಕೊಂಡ್ ಹೋಗಿ ಬೇಯಿಸ್ದೆ." ಅತ್ತೆ ಖಾಲಿಯಾದ ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಒಟ್ಟುಮಾಡಿದರು. "ಐವತ್ತಾರು ವರ್ಷ ಟೈಮ್ ಉಳಿಸಿದೀನಿ ಕಣೇ. ಎಲ್ಲಿಟ್ಟೆ ಅಂತ ಗೊತ್ತಾಗ್ತಿಲ್ಲ."

ಇಪ್ಪತ್ತನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೇವೆ, ನನಗೆ ಗೊತ್ತಿರಲಿಲ್ಲ. ಅವರ ಮಗನಿಗೂ ಗೊತ್ತಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ ಕೈ ಅಡ್ಡ ಮಾಡಿದರು.

"ಸೋತೆ ತಾನೆ? ಮಾತು ಅಂದ್ರೆ ಮಾತು. ಆ ಗಂಟೆ ನಂದು. ನಾನು ಹೇಳಿದ ಕೆಲಸಕ್ಕೆ ಕೂರ್ಬೇಕು."

"ಹೂಂ ಅತ್ತೆ."

"ಹಾಸು ಬಟ್ಟೇನ."

ಬ್ಯಾಗಿನಿಂದ ಬಟ್ಟೆ ತೆಗೆದು ಹಾಸುವಾಗ ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಅತ್ತೆ ಒಂದೊಂದೇ ಗುಂಡಿಯನ್ನು ಬೆಳಕಿಗೆ ಹಿಡಿದು ಇದ್ಯಾರು, ಇದ್ಯಾರು ಎಂದು ಕೇಳಿ ಸಾಲಾಗಿ ಇಟ್ಟರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಗಂಡ ಬಾಗಿಲಲ್ಲಿ ನಿಂತು, ತಾಯಿಯನ್ನೂ ನನ್ನನ್ನೂ ನೋಡಿ, ಈ ಸಲ ಫ್ಯೂಸಿನ ಮಾತೆತ್ತದೆ ತಾವೇ ಹೋಗಿ ಒಲೆ ಆರಿಸಿದರು. ಅತ್ತೆ ಮೊದಲ ಕಾಲಾಳನ್ನು ಒಂದೇ ಒಂದು ಮನೆ ಮುಂದಕ್ಕಿಟ್ಟರು. ನಾನು ಹುಷಾರಾಗಿ ಆಡಿದೆ, ಉಪಾಯ ಮಾಡಿದೆ, ಅವರ ಮಂತ್ರಿಯನ್ನು ಹೊಡೆದೆ, ರಾಜನನ್ನು ಮೂಲೆಗೆ ತಂದೆ. ಶಹ ಎನ್ನಲು ಬಾಯಿ ತೆರೆಯುವುದಕ್ಕೆ ಒಂದು ನಡೆ ಮುಂಚೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು, ಕೋಟಿನ ದೊಡ್ಡ ಗುಂಡಿಯನ್ನು ಎರಡು ಬೆರಳಲ್ಲಿ ಎತ್ತಿದರು.

ರಾಜ ನೆಗೆದ. ಎಪ್ಪತ್ತಮೂರು ವರ್ಷದ ನಮ್ಮತ್ತೆ ಚಾಪೆಯ ಮೇಲೆ ಕೂತಲ್ಲೇ ಮಗುವಿನ ಹಾಗೆ ಚಪ್ಪಾಳೆ ತಟ್ಟಿ ನಕ್ಕರು. ಆ ನಗುವನ್ನು ನಾನು ಆ ಮನೆಯಲ್ಲಿ ಅದಕ್ಕೆ ಮುಂಚೆ ಕೇಳಿರಲಿಲ್ಲ. ಅಲ್ಲಿಂದ ಆರೇ ನಡೆಯಲ್ಲಿ ನನ್ನನ್ನು ಸೋಲಿಸಿ, ಗುಂಡಿಗಳನ್ನೆಲ್ಲ ಮತ್ತೆ ತಮ್ಮ ತಮ್ಮ ಮನೆಗೆ ಜೋಡಿಸುತ್ತಾ ಗಡಿಯಾರ ನೋಡಿದರು. "ಇನ್ನೂ ಇಪ್ಪತ್ತು ನಿಮಿಷ ಇದೆ ನಂದು," ಎಂದರು.